ನೀರು ಹೋದ ದಾರಿಯಲ್ಲೇ ನಡಿಗೆ

ಬೆಟ್ಟದ ಮಗ್ಗುಲಲ್ಲಿ ಹರಿಯುವ ಕಿರುಗಾಲುವೆಯ ಮೇಲೊಂದು ಪುಟ್ಟ ಮರದ ಚಕ್ರ. ನೀರಿನ ಸೆಳೆತಕ್ಕೆ ಅದು ತಿರುಗುತ್ತದೆ, ತಿರುಗಿದಾಗಲೆಲ್ಲ ಒಂದು ಸುತ್ತಿಗೆಯನ್ನು ಎತ್ತಿ ಕೈಬಿಡುತ್ತದೆ, ಸುತ್ತಿಗೆ ಗಂಟೆಯ ಮೇಲೆ ಬೀಳುತ್ತದೆ. ಹಗಲೂ ರಾತ್ರಿ ಠಣ್, ಠಣ್ ಎಂದು ಒಂದೇ ಸಮನೆ ಸದ್ದು. ಸದ್ದು ಕೇಳುತ್ತಿರುವ ತನಕ ಕಾಲುವೆ ಕಾಯುವವನು ನೆಮ್ಮದಿಯಾಗಿ ಮಲಗಬಹುದು. ನಿಂತಿತೋ, ಅವನು ಹಾಸಿಗೆ ಬಿಟ್ಟು ಎದ್ದು, ಲಾಂದ್ರ ಹಿಡಿದು, ಗುದ್ದಲಿ ಹೆಗಲಿಗೇರಿಸಿ ಹೊರಡಬೇಕು. ಮೇಲೆಲ್ಲೋ ಬಂಡೆ ಉರುಳಿದೆ, ಇಲ್ಲವೇ ಏರಿ ಒಡೆದಿದೆ, ಅದೂ ಅಲ್ಲದಿದ್ದರೆ ಯಾರೋ ತನ್ನ ಸರದಿಯಲ್ಲದ ಹೊತ್ತಿನಲ್ಲಿ ನೀರನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡಿದ್ದಾನೆ.

ಇಟಲಿಯ ಉತ್ತರ ತುದಿಯ ದಕ್ಷಿಣ ಟಿರೋಲ್‌ನಲ್ಲಿ ಇಂಥ ಕಾಲುವೆಗೆ ವಾಲ್ ಎನ್ನುತ್ತಾರೆ, ಕಾಯುವವನಿಗೆ ವಾಲರ್. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುತ್ತಿದ್ದ ನಮ್ಮ ನೀರುಗಂಟಿಯ ಕೆಲಸವೇ ಇವನದೂ. ಆದರೆ ಇವನ ಸುಪರ್ದಿಯಲ್ಲಿ ಇರುವುದು ಕಡಿದಾದ ಬೆಟ್ಟದ ಹೊಟ್ಟೆಯಲ್ಲಿ ಕೊರೆದ, ಕಿಲೋಮೀಟರ್‌ಗಟ್ಟಲೆ ಸಾಗುವ ನೀರಿನ ಗೆರೆ. ಕಾಯಬೇಕೆಂದರೆ ದಿನವೂ ಅದರ ಉದ್ದಕ್ಕೆ ನಡೆಯಬೇಕು. ನಡೆಯಬೇಕೆಂದರೆ ಕಾಲುವೆಯ ಏರಿಯ ಮೇಲೆ ಕಾಲಿಡಲು ಜಾಗ ಬೇಕು. ಆ ಕಾಲುಹಾದಿಗಳೇ ಈಗ ಪ್ರವಾಸಿ ನಕಾಶೆಗಳಲ್ಲಿ ವಾಲ್‌ವೆಗ್ ಎಂಬ ಹೆಸರಿನಲ್ಲಿ ಮೆರೆಯುತ್ತಿವೆ. ಒಂದು ಬದಿಯಲ್ಲಿ ಹರಿಯುವ ನೀರು, ಇನ್ನೊಂದು ಬದಿಯಲ್ಲಿ ಇಳಿಜಾರಿನ ದ್ರಾಕ್ಷಿ ತೋಟ, ದೂರದಲ್ಲಿ ಹಿಮ ಹೊದ್ದ ಶಿಖರ. ನೀರು ಇಳಿಯುವಷ್ಟೇ ಸಣ್ಣ ಇಳಿಜಾರು ಇರುವುದರಿಂದ ಮಂಡಿ ನೋವಿನವರೂ ಚಿಕ್ಕ ಮಕ್ಕಳೂ ಸಲೀಸಾಗಿ ನಡೆಯುತ್ತಾರೆ.

ವೈನ್ ಬೆಳೆಯುವ ಬೆಟ್ಟನಾಡುಗಳು ಯುರೋಪಿನಲ್ಲಿ ಹಲವಿವೆ. ಪೋರ್ಚುಗಲ್ಲಿನ ದೌರು ಕಣಿವೆಯಿದೆ, ಸ್ವಿಟ್ಜರ್ಲೆಂಡಿನ ಲಾವೋ ಮೆಟ್ಟಿಲು ತೋಟಗಳಿವೆ. ನಾನು ಈ ಒಂದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿನ ಹೆಸರಾಂತ ಚಾರಣ ದಾರಿಗಳಲ್ಲಿ ಚಾರಣಿಗರಿಗೆಂದೇ ಮಾಡಿದವು ಬಹಳ ಕಡಿಮೆ. ಒಂದು ದಾರಿ ನೀರಿಗೆ, ಒಂದು ಕುರಿಗೆ, ಒಂದು ರೋಗಿಗಳಿಗೆ, ಇನ್ನೊಂದು ಫಿರಂಗಿಗೆ. ನಡೆಯುವುದಕ್ಕಾಗಿಯೇ ನಡೆಯುವವನು ಈ ಬೆಟ್ಟಕ್ಕೆ ಬಂದದ್ದು ಬಹಳ ತಡವಾಗಿ, ಬೇರೆಯವರ ದುಡಿಮೆ ಸವೆಸಿಟ್ಟ ಹಾದಿಯ ಮೇಲೆ.

ಮಳೆ ಬಾರದ ಕಣಿವೆ

ದಕ್ಷಿಣ ಟಿರೋಲ್ ಸುಮಾರು 7,400 ಚದರ ಕಿಲೋಮೀಟರ್ ವಿಸ್ತಾರದ ಪ್ರಾಂತ್ಯ. ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತ ತುಸು ದೊಡ್ಡದು ಅಷ್ಟೆ. ಜನಸಂಖ್ಯೆ ಐದು ಲಕ್ಷ ಚಿಲ್ಲರೆ. ಜರ್ಮನ್ ಮಾತಾಡುವವರು ಮೂರನೇ ಎರಡರಷ್ಟಿದ್ದಾರೆ, ಇಟಾಲಿಯನ್ನರು ಕಾಲುಭಾಗದ ಆಸುಪಾಸು. ಡೋಲೊಮೈಟ್ ಪರ್ವತಗಳ ನಡುವಿನ ಕೆಲವು ಕಣಿವೆಗಳಲ್ಲಿ ಲಡಿನ್ ಎಂಬ ಹಳೆಯ ಭಾಷೆ ಉಳಿದಿದೆ. ರಾಜಧಾನಿ ಬೋಲ್ಸಾನೊ, ಜರ್ಮನ್ ಬಾಯಲ್ಲಿ ಬೋಟ್ಸೆನ್, ಸಮುದ್ರಮಟ್ಟದಿಂದ 262 ಮೀಟರ್ ಎತ್ತರದಲ್ಲಿದೆ. ಬಟ್ಟಲಿನಂಥ ಕಣಿವೆಯ ತಳದಲ್ಲಿರುವ ಈ ಊರು ಬೇಸಿಗೆಯಲ್ಲಿ ಇಟಲಿಯ ಅತಿ ಸೆಕೆಯ ಊರುಗಳ ಸಾಲಿಗೆ ಸೇರುತ್ತದೆ. ಅದೇ ಪ್ರಾಂತ್ಯದ ಪಶ್ಚಿಮ ಅಂಚಿನ ಓರ್ಟ್ಲರ್ ಶಿಖರದ ಎತ್ತರ 3,905 ಮೀಟರ್. ಪ್ರಾಂತ್ಯದಲ್ಲಿ ಸುಮಾರು 200 ಮೀಟರ್‌ನಿಂದ 1,000 ಮೀಟರ್‌ವರೆಗೆ ದ್ರಾಕ್ಷಿ ಹಬ್ಬಿದೆ. ಅದಕ್ಕೂ ಮೇಲೆ ಹುಲ್ಲುಗಾವಲು, ಕಾಡು, ಕಲ್ಲು, ಹಿಮ.

ಹಿಮಶಿಖರಗಳ ನಡುವಿನ ನಾಡಿಗೆ ನೀರಿನ ಬರವೇ ಎಂದು ಯಾರಾದರೂ ಕೇಳಿಯಾರು. ಪ್ರಾಂತ್ಯದ ಪಶ್ಚಿಮಕ್ಕಿರುವ ಫಿನ್ಶ್‌ಗೌ ಕಣಿವೆಗೆ ಉತ್ತರದಲ್ಲಿ ಓಟ್ಸ್‌ಟಾಲ್ ಆಲ್ಪ್ಸ್, ದಕ್ಷಿಣದಲ್ಲಿ ಓರ್ಟ್ಲರ್ ಸಾಲು. ಎರಡೂ ಕಡೆಯಿಂದ ಬರುವ ಮೋಡಗಳು ಬೆಟ್ಟದ ಆಚೆಗೇ ಮಳೆ ಸುರಿಸಿ ಬರಿಗೈಯಲ್ಲಿ ಈಚೆ ಬರುತ್ತವೆ. ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್, ಅಂದರೆ ನಮ್ಮ ಬಯಲುಸೀಮೆಯ ಒಣ ತಾಲ್ಲೂಕುಗಳ ಲೆಕ್ಕ. ದಕ್ಷಿಣಕ್ಕೆ ಮುಖ ಮಾಡಿದ ಬಿಸಿಲು ಮಗ್ಗುಲಂತೂ ಬೇಸಿಗೆಯಲ್ಲಿ ಹುಲ್ಲುಗಾವಲಿನ ಬದಲು ಕುರುಚಲು ಬೆಳೆಯುವ ಒಣಭೂಮಿ. ಆದರೆ ಮೇಲಿನ ಹಿಮನದಿ ಕರಗುವುದೂ ಬೇಸಿಗೆಯಲ್ಲೇ. ಬೆಳೆಗೆ ನೀರು ಬೇಕಾದ ಹೊತ್ತಿಗೇ ಹಳ್ಳಗಳು ತುಂಬಿ ಹರಿಯುತ್ತವೆ. ಅದನ್ನು ಎತ್ತರದಲ್ಲೇ ಹಿಡಿದು, ಬೆಟ್ಟದ ಮೈಗುಂಟ ಅಡ್ಡಡ್ಡಲಾಗಿ ಸಾಗಿಸಿ ತರುವುದೊಂದೇ ಉಳಿದ ಉಪಾಯ. ಬಂಡೆ ಅಡ್ಡ ಬಂದಲ್ಲಿ ಲಾರ್ಚ್ ಮರದ ದಿಮ್ಮಿಯನ್ನು ದೋಣಿಯಂತೆ ಕೊರೆದು ನೇತುಹಾಕಿ ಅದರಲ್ಲಿ ನೀರು ಹಾಯಿಸಿದರು. ಯಾವ ಜಮೀನಿಗೆ ಯಾವ ದಿನ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬ ಸರದಿಯನ್ನು ಊರವರು ಕೂತು ಗೊತ್ತು ಮಾಡಿದರು. ನೀರಿನ ಹಕ್ಕು ಜಮೀನಿನ ಜೊತೆಗೇ ತಲೆಮಾರಿನಿಂದ ತಲೆಮಾರಿಗೆ ಹೋಗುತ್ತಿತ್ತು. ಜಗಳ, ಪಂಚಾಯಿತಿ, ಕೋರ್ಟು ಎಲ್ಲವೂ ಅದರ ಜೊತೆಗೇ ಹೋದವು.

ಇವುಗಳಲ್ಲಿ ಅತಿ ಉದ್ದದ್ದು ಮೆರಾನ್ ಪಟ್ಟಣದ ಬಳಿಯ ಮಾರ್ಲಿಂಗ್ ಕಾಲುವೆ, ಸುಮಾರು 12 ಕಿಲೋಮೀಟರ್. 18ನೇ ಶತಮಾನದಲ್ಲಿ ಇದನ್ನು ತೋಡಿಸಿದವರು ಶ್ನಾಲ್ಸ್ ಕಣಿವೆಯ ಕಾರ್ತೂಸಿಯನ್ ಸನ್ಯಾಸಿಗಳು. ಮೌನವ್ರತದ ಆ ಮಠ ಹುಟ್ಟಿದ್ದು 1326ರಲ್ಲಿ. ಅವರಿಗೆ ಮಾರ್ಲಿಂಗ್‌ನಲ್ಲಿ ತೋಟವಿತ್ತು, ತೋಟಕ್ಕೆ ನೀರಿರಲಿಲ್ಲ. 1782ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಮಠವನ್ನೇ ಮುಚ್ಚಿಸಿದ. ಸನ್ಯಾಸಿಗಳು ಚೆದುರಿದರು, ನೀರು ನಿಲ್ಲಲಿಲ್ಲ. ಟೋಲ್ ಎಂಬಲ್ಲಿಂದ ಲಾನಾ ಊರಿನವರೆಗೆ ಇವತ್ತು ಮೂರು ನಾಲ್ಕು ಗಂಟೆಯ ಆರಾಮದ ನಡಿಗೆ. ಮೊದಲು ಸೇಬಿನ ತೋಟ, ಆಮೇಲೆ ದ್ರಾಕ್ಷಿ, ಅಲ್ಲಲ್ಲಿ ಚೆಸ್ಟ್‌ನಟ್ ಮರಗಳ ನೆರಳು, ಕೆಳಗೆ ಆದಿಜೆ ನದಿಯ ಬಯಲು.

ತೋಟದ ಕಾವಲುಗಾರ, ದ್ರಾಕ್ಷಿಯ ರೋಗಿ

ಈಗ ದ್ರಾಕ್ಷಿ ತೋಟದ ನಡುವೆ ಹಾದು ಹೋಗುವ ಚಾರಣಿಗನನ್ನು ರೈತ ಮುಗುಳ್ನಕ್ಕು ಸ್ವಾಗತಿಸುತ್ತಾನೆ. ಹಿಂದೆ ಹೀಗಿರಲಿಲ್ಲ. ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಮೆರಾನ್ ಸುತ್ತಿನ ತೋಟಗಳಿಗೆ ಜಾಲ್ಟ್ನರ್ ಎಂಬ ಕಾವಲುಗಾರ ಬರುತ್ತಿದ್ದ. ಚರ್ಮದ ಅಂಗಿ, ಎದೆಯ ಮೇಲೆ ಕಾಡುಹಂದಿಯ ಕೋರೆಹಲ್ಲುಗಳ ಸರ, ಕೈಯಲ್ಲಿ ಈಟಿ, ತಲೆಯ ಮೇಲೆ ಹಕ್ಕಿಗರಿ ಮತ್ತು ನರಿಬಾಲಗಳನ್ನು ರಾಶಿ ಹಾಕಿದ ಭಾರೀ ಟೊಪ್ಪಿಗೆ. ಸುಗ್ಗಿ ಮುಗಿಯುವವರೆಗೆ ಹಗಲಿರುಳು ತೋಟದಲ್ಲೇ, ಹುಲ್ಲಿನ ಗುಡಿಸಲಲ್ಲೇ ಅವನ ವಾಸ. ಹಕ್ಕಿಯನ್ನೂ ಕಳ್ಳನನ್ನೂ ಒಟ್ಟಿಗೆ ಬೆದರಿಸುವ ವೇಷ ಅದು. ದಾರಿಹೋಕನೂ ಅವನ ಕಣ್ಣಿಗೆ ಕಳ್ಳನೇ. 19ನೇ ಶತಮಾನದಲ್ಲಿ ಪ್ರವಾಸಿಗರು ಬರತೊಡಗಿದಾಗ ಅವನ ಚಿತ್ರ ಪೋಸ್ಟ್ ಕಾರ್ಡುಗಳ ಮೇಲೆ ಮೂಡಿತು. ಹೆದರಿಸಬೇಕಾದವನು ಪ್ರದರ್ಶನದ ವಸ್ತುವಾದದ್ದು ಈ ನಾಡಿನ ಪ್ರವಾಸೋದ್ಯಮದ ಮೊದಲ ಅಧ್ಯಾಯ ಎನ್ನಬೇಕು.

ಆ ಪ್ರವಾಸಿಗರಲ್ಲಿ ಬಹುಪಾಲು ಜನ ರೋಗಿಗಳು. ಆಸ್ಟ್ರಿಯಾ ಸಾಮ್ರಾಜ್ಯದ ಶ್ರೀಮಂತರು ಕ್ಷಯಕ್ಕೋ ನರದೌರ್ಬಲ್ಯಕ್ಕೋ ಒಣಹವೆ ಹುಡುಕಿಕೊಂಡು ಮೆರಾನ್‌ಗೆ ಬರುತ್ತಿದ್ದರು. ಸಾಮ್ರಾಜ್ಞಿ ಎಲಿಸಬೆತ್ 1870ರ ಚಳಿಗಾಲವನ್ನು ಟ್ರೌಟ್‌ಮನ್ಸ್‌ಡೋರ್ಫ್ ಕೋಟೆಮನೆಯಲ್ಲಿ ಕಳೆದ ಮೇಲೆ ಊರಿನ ಅದೃಷ್ಟವೇ ಖುಲಾಯಿಸಿತು. ಶರತ್ಕಾಲದಲ್ಲಿ ದ್ರಾಕ್ಷಿ ಚಿಕಿತ್ಸೆ ನಡೆಯುತ್ತಿತ್ತು. ವೈದ್ಯರು ಬರೆದುಕೊಟ್ಟ ಅಳತೆಯಂತೆ ರೋಗಿಗಳು ಕಿಲೋಗಟ್ಟಲೆ ತಾಜಾ ದ್ರಾಕ್ಷಿ ತಿನ್ನಬೇಕು. ಅದರಿಂದ ಎಷ್ಟು ಜನಕ್ಕೆ ವಾಸಿಯಾಯಿತೋ, ರೈತರಿಗಂತೂ ಒಳ್ಳೆಯ ಬೆಲೆ ಸಿಕ್ಕಿತು. ದ್ರಾಕ್ಷಿಯ ಜೊತೆಗೆ ನಡಿಗೆ. ಊರಿನ ವೈದ್ಯ ಫ್ರಾನ್ಸ್ ಟಪ್ಪೈನರ್, ಬಿಡುವಿನಲ್ಲಿ ತಲೆಬುರುಡೆಗಳನ್ನು ಅಳೆಯುವ ಹವ್ಯಾಸವಿದ್ದ ವಿಚಿತ್ರ ವ್ಯಕ್ತಿ, ತನ್ನ ಕೈಯಿಂದ ಹಣ ಹಾಕಿ ಊರಿನ ಮೇಲಿನ ಬೆಟ್ಟದಲ್ಲಿ ಏದುಸಿರು ಬಾರದಂಥ ಸಮತಟ್ಟು ದಾರಿ ಮಾಡಿಸಿದ. 1893ರಲ್ಲಿ ತೆರೆದ ಟಪ್ಪೈನರ್ ದಾರಿಯಲ್ಲಿ ಇಂದಿಗೂ ಸಂಜೆ ಮುದುಕರು ಕೋಲೂರಿಕೊಂಡು ಅಡ್ಡಾಡುತ್ತಾರೆ. 1920ರ ವಸಂತದಲ್ಲಿ ಫ್ರಾನ್ಸ್ ಕಾಫ್ಕಾ ತನ್ನ ಶ್ವಾಸಕೋಶದ ಚಿಕಿತ್ಸೆಗೆಂದು ಮೆರಾನ್‌ಗೆ ಬಂದು ಉಳಿದಿದ್ದ. ಗೆಳತಿ ಮಿಲೆನಾಗೆ ಅವನು ಬರೆದ ಪ್ರಸಿದ್ಧ ಪತ್ರಗಳು ಶುರುವಾದದ್ದು ಇಲ್ಲಿಂದಲೇ. ವಸಂತವಾದ್ದರಿಂದ ದ್ರಾಕ್ಷಿಯ ಭಾಗ್ಯ ಅವನಿಗಿರಲಿಲ್ಲ.

ಅಷ್ಟರಲ್ಲಿ ಊರಿನ ಒಡೆತನವೇ ಬದಲಾಗಿತ್ತು. 1919ರ ಒಪ್ಪಂದ ದಕ್ಷಿಣ ಟಿರೋಲನ್ನು ಆಸ್ಟ್ರಿಯಾದಿಂದ ಕಿತ್ತು ಇಟಲಿಗೆ ಕೊಟ್ಟಿತ್ತು. ಅದರ ಕಥೆಗೆ ಆಮೇಲೆ ಬರೋಣ.

ಚಪ್ಪರದ ಕೆಳಗೆ

ನಮ್ಮಲ್ಲಿ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಯನ್ನು ಚಪ್ಪರಕ್ಕೆ ಹಬ್ಬಿಸುವುದನ್ನು ಕಂಡವರಿಗೆ ಇಲ್ಲಿನ ಹಳೆಯ ತೋಟಗಳು ಅಪರಿಚಿತವೆನಿಸುವುದಿಲ್ಲ. ಫ್ರಾನ್ಸಿನ ವೈನ್ ನಾಡುಗಳಲ್ಲಿ ಸೊಂಟದೆತ್ತರದ ಗಿಡಗಳ ಸಾಲು. ಇಲ್ಲಿ ಮರದ ಕಂಬಗಳ ಮೇಲೆ ಬೆಟ್ಟದ ಇಳಿಜಾರಿಗೆ ಎದುರಾಗಿ ಮೇಲೆದ್ದ ಓರೆ ಚಪ್ಪರ. ಎಲೆಯ ಮರೆಯಲ್ಲಿ ಗೊಂಚಲಿಗೆ ಬಿಸಿಲಿನ ಪೆಟ್ಟು ಬೀಳುವುದಿಲ್ಲ. ಕೆಳಗಿನ ನೆಲದಲ್ಲಿ ಒಂದು ಕಾಲಕ್ಕೆ ತರಕಾರಿಯನ್ನೂ ಬೆಳೆಯುತ್ತಿದ್ದರು. ನಡೆಯುವವನಿಗಂತೂ ಸೆಪ್ಟೆಂಬರಿನಲ್ಲಿ ತಲೆಯೆತ್ತಿದರೆ ಹಣ್ಣು.

ಟಿಸೆನ್ಸ್ ಊರಿನ ಪ್ರಿಸ್ಸಿಯಾನ್ ಎಂಬಲ್ಲಿ ಕಾಟ್ಸೆನ್‌ತ್ಸುಂಗೆನ್ ಕೋಟೆಯ ಬುಡದಲ್ಲಿ ಫೆರ್ಸೋಲ್ನ್ ತಳಿಯ ಒಂದು ಬಳ್ಳಿಯಿದೆ. ವಯಸ್ಸು 350 ವರ್ಷಕ್ಕೂ ಮೇಲೆ ಎಂದು ಅಂದಾಜಿಸಿದ್ದಾರೆ. ಒಂದೇ ಬುಡದಿಂದ ಹೊರಟು ಕಡಿದಾದ ಇಳಿಜಾರಿನ ತುಂಬ ಹಬ್ಬಿರುವ ಅದು ಈಗಲೂ ಫಲ ಕೊಡುತ್ತದೆ.

ಚಪ್ಪರದ ರಾಜ ಫೆರ್ನಾಚ್. ತೆಳು ಕೆಂಪಿನ, ಹಗುರ ರುಚಿಯ, ಊಟದ ಜೊತೆ ನೀರಿನಂತೆ ಕುಡಿಯುವ ವೈನ್ ಕೊಡುವ ತಳಿ. 1980ರ ದಶಕದವರೆಗೂ ತೋಟಗಳಲ್ಲಿ ಅದರದೇ ದರ್ಬಾರು. ದೊಡ್ಡ ದೊಡ್ಡ ಬಾಟಲಿಗಳಲ್ಲಿ, ಅಗ್ಗದ ಬೆಲೆಗೆ ಜರ್ಮನಿಗೂ ಸ್ವಿಟ್ಜರ್ಲೆಂಡಿಗೂ ಹೋಗುತ್ತಿತ್ತು. ಹೆಸರು ಕೆಟ್ಟಿತು. ಆಮೇಲೆ ಕೆಲವು ಹಟಮಾರಿ ವೈನ್ ತಯಾರಕರು, ಇಳುವರಿ ತಗ್ಗಿಸಿ ಗುಣ ಹೆಚ್ಚಿಸಬೇಕೆಂದು ಪಟ್ಟು ಹಿಡಿದರು. ಎತ್ತರದ ತೋಟಗಳಲ್ಲಿ ಹಗಲು ಬಿಸಿಲು, ರಾತ್ರಿ ಚಳಿ. ಹಣ್ಣಿನಲ್ಲಿ ಸಕ್ಕರೆಯ ಜೊತೆ ಹುಳಿಯೂ ಉಳಿಯುತ್ತದೆ, ಪರಿಮಳವೂ ಉಳಿಯುತ್ತದೆ. ಅದು ಬಿಳಿ ವೈನಿಗೆ ಹೇಳಿ ಮಾಡಿಸಿದ ಹವೆ. ಇಂದು ಮೂರನೇ ಎರಡರಷ್ಟು ತೋಟ ಬಿಳಿ ತಳಿಗಳದು. ಫೆರ್ನಾಚ್ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿದಿದೆ. ಟ್ರಮೀನ್ ಊರಿನ ಹೆಸರನ್ನೇ ಹೊತ್ತ ಗೆವುರ್ಟ್ಸ್‌ಟ್ರಮೀನರ್‌ಗೆ ಗುಲಾಬಿಯ, ಲಿಚಿಯ ಪರಿಮಳ. ಬೋಲ್ಸಾನೊದ ಬಯಲಿನ ಲಾಗ್ರೈನ್ ಕಡುಗೆಂಪು, ಒಗರು. ಬ್ರಿಕ್ಸೆನ್ ಬಳಿ 1142ರಲ್ಲಿ ಸ್ಥಾಪನೆಯಾದ ನಾಯ್‌ಶ್ಟಿಫ್ಟ್ ಮಠದ ಸನ್ಯಾಸಿಗಳು ಇಂದಿಗೂ ಸಿಲ್ವಾನರ್, ಕೆರ್ನರ್ ಎಂಬ ಚಳಿನಾಡಿನ ಬಿಳಿ ವೈನ್ ಮಾಡುತ್ತಾರೆ. ಫೆನ್‌ಬರ್ಗ್ ಎಂಬಲ್ಲಿ 1970ರ ದಶಕದಲ್ಲೇ 1,000 ಮೀಟರ್ ಎತ್ತರದಲ್ಲಿ ದ್ರಾಕ್ಷಿ ನೆಟ್ಟಾಗ ಹುಚ್ಚು ಸಾಹಸವೆನಿಸಿತ್ತು. ಭೂಮಿ ಬಿಸಿಯೇರುತ್ತಿರುವ ಈ ದಿನಗಳಲ್ಲಿ ಅದು ದೂರದೃಷ್ಟಿಯಂತೆ ಕಾಣುತ್ತದೆ.

ಸುಮಾರು 5,800 ಹೆಕ್ಟೇರ್ ತೋಟ, 5,000ದಷ್ಟು ಬೆಳೆಗಾರರು. ಅಂದರೆ ಒಬ್ಬೊಬ್ಬರದು ಎರಡೂವರೆ, ಮೂರು ಎಕರೆ. ಇಷ್ಟು ಚಿಕ್ಕ ಹಿಡುವಳಿಗಳು ಉಳಿದುಕೊಂಡದ್ದು ಹೇಗೆ? ಒಂದು, ಸಹಕಾರ. 1893ರಲ್ಲೇ ಆಂದ್ರಿಯಾನ್ ಮತ್ತು ಟೆರ್ಲಾನ್ ಊರುಗಳ ರೈತರು ಸಹಕಾರಿ ವೈನ್ ಘಟಕ ಕಟ್ಟಿದರು. ಇಂದು ಪ್ರಾಂತ್ಯದ ವೈನಿನಲ್ಲಿ ಸುಮಾರು ಶೇ 70 ಇಂಥ ಸಹಕಾರಿಗಳಿಂದ ಬರುತ್ತದೆ, ಅದರಲ್ಲಿ ಪ್ರಶಸ್ತಿ ಗೆಲ್ಲುವ ದುಬಾರಿ ಬಾಟಲಿಗಳೂ ಇವೆ. ಎರಡನೆಯದು, ಆಸ್ತಿ ಪಾಲಾಗದಂತೆ ತಡೆಯುವ ಪದ್ಧತಿ. ಮನೆ, ಕೊಟ್ಟಿಗೆ, ತೋಟ, ಕಾಡು ಎಲ್ಲ ಸೇರಿ ಒಂದು ಘಟಕ. ಅದು ಇಡಿಯಾಗಿ ಒಬ್ಬ ಮಗನಿಗೋ ಮಗಳಿಗೋ ಹೋಗುತ್ತದೆ, ಉಳಿದವರಿಗೆ ಪರಿಹಾರದ ಹಣ. ಫ್ಯಾಸಿಸ್ಟ್ ಸರಕಾರ 1929ರಲ್ಲಿ ಇದನ್ನು ರದ್ದು ಮಾಡಿತು, 1954ರಲ್ಲಿ ಪ್ರಾಂತ್ಯ ಕಾನೂನು ಮಾಡಿ ಮರಳಿ ತಂದಿತು. ಉಳಿದ ಮಕ್ಕಳಿಗೆ ಇದು ನ್ಯಾಯವೇ ಎಂಬ ಪ್ರಶ್ನೆ ಹಾಗೇ ಇದೆ. ಆದರೆ ಬೆಟ್ಟದ ಮೇಲೆ ಚದುರಿದ ಒಂಟಿ ಮನೆಗಳು, ಅವುಗಳ ಅಂಗಳದ ಮೂಲಕವೇ ಹಾದುಹೋಗುವ ಹಾದಿಗಳು ನೂರಾರು ವರ್ಷ ಹಾಗೆಯೇ ಉಳಿದದ್ದು ಈ ಕಠೋರ ಲೆಕ್ಕಾಚಾರದಿಂದ.

ಅಕ್ಟೋಬರ್ ಬಂತೆಂದರೆ ಆ ಅಂಗಳಗಳಲ್ಲೇ ಟೋರ್ಗೆಲೆನ್. ದ್ರಾಕ್ಷಿ ಹಿಂಡಿ ಮುಗಿದ ಮೇಲೆ ಹೊಸ ವೈನಿನ ರುಚಿ ನೋಡಲು ಮನೆಯಿಂದ ಮನೆಗೆ ನಡೆದು ಹೋಗುವ ಪದ್ಧತಿ ಇದು. ಮೊದಲು ಇನ್ನೂ ಸಿಹಿ ಆರದ ಹೊಸರಸ, ಆಮೇಲೆ ಮಸುಕು ಮಸುಕಾದ ಎಳೆಯ ವೈನ್. ಒಲೆಯ ಮೇಲೆ ತೂತಿನ ಬಾಣಲೆಯಲ್ಲಿ ಹುರಿದ ಚೆಸ್ಟ್‌ನಟ್. ಅದನ್ನು ಹೆಣೆದ ಬುಟ್ಟಿಯಲ್ಲಿ ಹಾಕಿ ಜೋರಾಗಿ ಅಲ್ಲಾಡಿಸಿದರೆ ಸಿಪ್ಪೆ ಬಿಡುತ್ತದೆ, ಬೆಣ್ಣೆ ಸವರಿಕೊಂಡು ತಿನ್ನುವುದು. ಹಂದಿಮಾಂಸದ ತಟ್ಟೆಗಳದೇ ಅಬ್ಬರವಾದರೂ ಸಸ್ಯಾಹಾರಿ ಉಪವಾಸ ಬೀಳಬೇಕಿಲ್ಲ. ಪಾಲಕ್ ಮತ್ತು ರಿಕೊಟ್ಟಾ ತುಂಬಿ ಬೇಯಿಸಿ, ಕಾಯಿಸಿದ ಬೆಣ್ಣೆ ಸುರಿದ ಅರ್ಧಚಂದ್ರಾಕಾರದ ಶ್ಲುಟ್ಸ್‌ಕ್ರಾಪ್ಫೆನ್, ಹಳೆಯ ಬ್ರೆಡ್ಡಿಗೆ ಚೀಸ್ ಬೆರೆಸಿ ಉಂಡೆ ಕಟ್ಟಿದ ಕ್ನೋಡೆಲ್ ಹೆಚ್ಚಿನ ಕಡೆ ಸಿಗುತ್ತವೆ. ಆದರೆ ಕ್ನೋಡೆಲ್‌ನಲ್ಲಿ ಒಣಮಾಂಸದ ಚೂರು ಹಾಕುವುದೇ ರೂಢಿ, ಕೇಳಿಯೇ ತೆಗೆದುಕೊಳ್ಳಬೇಕು.

ನಾಯ್‌ಶ್ಟಿಫ್ಟ್ ಮಠದ ಬಳಿಯಿಂದ ಬೋಲ್ಸಾನೊ ಕಡೆಗೆ ಹಲವು ದಿನಗಳ ಚೆಸ್ಟ್‌ನಟ್ ದಾರಿಯಿದೆ. ನನ್ನ ಎಣಿಕೆಯಲ್ಲಿ ಈ ನಾಡನ್ನು ಅರಿಯಲು ಡೋಲೊಮೈಟ್ ಶಿಖರಗಳಿಗಿಂತ ಇದೇ ಮೇಲು. ಇದರಲ್ಲಿ ಸಾಹಸವಿಲ್ಲ, ಫೋಟೊಗೆ ಹೇಳಿಮಾಡಿಸಿದ ಬಂಡೆಯಿಲ್ಲ. ಕಾಡು, ತೋಟ, ಚರ್ಚು, ಹಸು, ಗೊಬ್ಬರದ ವಾಸನೆ, ಒಬ್ಬರ ಮನೆಯ ಹಿತ್ತಿಲು, ಇನ್ನೊಬ್ಬರ ಮನೆಯ ನೆಲಮಾಳಿಗೆ. ಶನಿವಾರ, ಭಾನುವಾರ ಮಾತ್ರ ಹೋಗಬಾರದು. ನಡೆಯದೆಯೇ ಟೋರ್ಗೆಲೆನ್ ಮಾಡುವವರನ್ನು ತುಂಬಿಕೊಂಡ ಬಸ್ಸುಗಳು ಅಂದು ಸಾಲುಗಟ್ಟಿರುತ್ತವೆ.

ಮೇಲಿನ ಬಂಡೆ, ಮೇಲಿನ ಗಡಿ

ತೋಟದ ಗೆರೆ ದಾಟಿ ಮೇಲೆ ಹೋದರೆ ಬೇರೆಯೇ ಲೋಕ. ಪೂರ್ವಕ್ಕೆ ಡೋಲೊಮೈಟ್ ಸಾಲು. 18ನೇ ಶತಮಾನದ ಕೊನೆಯಲ್ಲಿ ಇಲ್ಲಿನ ಕಲ್ಲನ್ನು ಪರೀಕ್ಷಿಸಿ ಬರೆದ ಫ್ರೆಂಚ್ ಭೂವಿಜ್ಞಾನಿ ದೋಲೊಮ್ಯೂನ ಹೆಸರು ಮೊದಲು ಕಲ್ಲಿಗೆ, ಆಮೇಲೆ ಪರ್ವತಕ್ಕೆ ಅಂಟಿತು. 2009ರಲ್ಲಿ ಈ ಪರ್ವತಸಾಲು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿನ ಅತಿ ಪ್ರಸಿದ್ಧ ದೂರದ ಚಾರಣ, ಆಲ್ತಾ ವಿಯಾ ಒಂದು, ಪ್ರಾಗ್ಸ್ ಸರೋವರದಿಂದ ದಕ್ಷಿಣದ ಬೆಲ್ಲುನೊವರೆಗೆ ಸುಮಾರು 120 ಕಿಲೋಮೀಟರ್. ಹತ್ತು ದಿನ ಹಿಡಿಯುತ್ತದೆ. ರಾತ್ರಿ ತಂಗಲು ಹಟ್ ಎಂದು ಕರೆಯುವ ಬೆಟ್ಟದ ತಂಗುಮನೆಗಳಿವೆ. ಬಂಡೆಗೆ ಕಬ್ಬಿಣದ ಹಗ್ಗ, ಏಣಿ ಬಿಗಿದ ವಿಯಾ ಫೆರಾಟಾ ದಾರಿಗಳಲ್ಲಿ ಹಲವು ಹುಟ್ಟಿದ್ದು ಮೊದಲ ಮಹಾಯುದ್ಧದಲ್ಲಿ. 1915ರಿಂದ 1917ರವರೆಗೆ ಇಟಲಿ ಮತ್ತು ಆಸ್ಟ್ರಿಯಾದ ಸೈನಿಕರು ಈ ಶಿಖರಗಳ ಮೇಲೆ ಎದುರುಬದುರಾಗಿ ಕೂತಿದ್ದರು. ಲಗಝುಯಿ ಬೆಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆದು ಮದ್ದು ತುಂಬಿ ಪರಸ್ಪರರ ಕಾಲ ಕೆಳಗಿನ ಬಂಡೆಯನ್ನೇ ಸಿಡಿಸಿದರು. ಹೆಲ್ಮೆಟ್ ತೊಟ್ಟು ಆ ಸುರಂಗದಲ್ಲಿ ಇಳಿಯುವುದು ಈಗ ಒಂದು ದಿನದ ಮೋಜು.

ಯುದ್ಧ ಮುಗಿದ ಮೇಲೆ ಜಗಳ ಚಾರಣ ಫಲಕಕ್ಕೆ ಬಂತು. ಫ್ಯಾಸಿಸ್ಟರು ಜರ್ಮನ್ ಶಾಲೆಗಳನ್ನು ಮುಚ್ಚಿಸಿದರು, ಊರು, ಹೊಳೆ, ಬೆಟ್ಟಗಳಿಗೆಲ್ಲ ಇಟಾಲಿಯನ್ ಹೆಸರಿಟ್ಟರು. 1923ರಲ್ಲಿ ಜರ್ಮನ್ ಭಾಷಿಕರ ಪರ್ವತಾರೋಹಣ ಸಂಘಗಳನ್ನು ವಿಸರ್ಜಿಸಿ, ಅವರು ಕಟ್ಟಿದ ತಂಗುಮನೆಗಳನ್ನು ಕಿತ್ತುಕೊಂಡು ಇಟಾಲಿಯನ್ ಆಲ್ಪೈನ್ ಕ್ಲಬ್ಬಿಗೆ ಒಪ್ಪಿಸಿದರು. 1939ರಲ್ಲಿ ಹಿಟ್ಲರ್ ಮತ್ತು ಮುಸ್ಸೊಲಿನಿ ಸೇರಿ, ಜರ್ಮನಿಗೆ ಹೋಗಿ ಇಲ್ಲವೇ ಇಟಾಲಿಯನ್ನರಾಗಿ ಉಳಿಯಿರಿ ಎಂದಾಗ ಸುಮಾರು 75,000 ಜನ ಊರು ಬಿಟ್ಟರು. 1972ರ ಸ್ವಾಯತ್ತ ಆಡಳಿತ ಕಾಯ್ದೆಯ ನಂತರ ನಾಡು ಶಾಂತವಾಯಿತು, ಶ್ರೀಮಂತವೂ ಆಯಿತು. ಆದರೂ 2010ರ ಹೊತ್ತಿಗೆ, ಕಾಡುಹಾದಿಗಳಲ್ಲಿ ಹೊಸದಾಗಿ ನೆಟ್ಟ ಮರದ ಫಲಕಗಳಲ್ಲಿ ಜರ್ಮನ್ ಹೆಸರಷ್ಟೇ ಇದೆ ಎಂಬ ಗದ್ದಲ ರೋಮ್‌ವರೆಗೂ ಹೋಗಿ, ಕೇಂದ್ರದ ಮಂತ್ರಿ ಬಂದು ರಾಜಿ ಮಾಡಬೇಕಾಯಿತು. ಗಡಿನಾಡಿನ ಬೋರ್ಡು ಜಗಳಗಳನ್ನು ಕಂಡ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ. ಚಾರಣಿಗನಿಗೆ ಮಾತ್ರ ಎಲ್ಲೆಡೆ ಒಂದೇ ಕೆಂಪು, ಬಿಳಿ, ಕೆಂಪು ಪಟ್ಟೆಯ ಗುರುತು.

ಕುರಿಗಳಿಗೆ ಈ ಗಡಿಯ ಗೊಡವೆಯೇ ಇಲ್ಲ. ಪ್ರತಿ ಜೂನ್‌ನಲ್ಲಿ ಶ್ನಾಲ್ಸ್ ಕಣಿವೆಯ ಸಾವಿರಾರು ಕುರಿಗಳನ್ನು ಸುಮಾರು 3,000 ಮೀಟರ್ ಎತ್ತರದ ಹಿಮದ ಕಣಿವೆದಾರಿಗಳ ಮೂಲಕ ಆಸ್ಟ್ರಿಯಾ ಬದಿಯ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾರೆ, ಸೆಪ್ಟೆಂಬರಿನಲ್ಲಿ ಮರಳಿ ತರುತ್ತಾರೆ. ಆ ಮೇವಿನ ಹಕ್ಕು ಎರಡು ದೇಶಗಳ ಗಡಿಗಿಂತ ಶತಮಾನಗಳಷ್ಟು ಹಳೆಯದು. ಅದೇ ಬೆಟ್ಟಸಾಲಿನ 3,210 ಮೀಟರ್ ಎತ್ತರದಲ್ಲಿ 1991ರ ಸೆಪ್ಟೆಂಬರ್ 19ರಂದು ಜರ್ಮನಿಯ ಚಾರಣಿಗ ದಂಪತಿಗೆ ಹಿಮದಿಂದ ಅರ್ಧ ಹೊರಬಂದ ಶವವೊಂದು ಕಂಡಿತು. ಯಾರೋ ದಾರಿ ತಪ್ಪಿ ಸತ್ತ ಚಾರಣಿಗ ಎಂದುಕೊಂಡರು. 5,300 ವರ್ಷಗಳ ಹಿಂದೆ ಬೆನ್ನಿಗೆ ಬಾಣ ಹೊಕ್ಕು ಸತ್ತವನು ಅವನು. ಓಟ್ಸಿ ಎಂದು ಹೆಸರಾದ ಆ ಮನುಷ್ಯ ಈಗ ಬೋಲ್ಸಾನೊ ಮ್ಯೂಸಿಯಮ್ಮಿನ ಶೀತಲ ಕೋಣೆಯಲ್ಲಿ ಮಲಗಿದ್ದಾನೆ. ಗಡಿ ಅಳೆದು ನೋಡಿದಾಗ ಅವನು ಸಿಕ್ಕಿದ್ದು ಇಟಲಿಯ ಒಳಗೆ ನೂರು ಮೀಟರಿಗೂ ಕಡಿಮೆ ದೂರದಲ್ಲಿ ಎಂದಾಯಿತು.

ಶ್ನಾಲ್ಸ್ ಕಣಿವೆಯ ಬಾಯಲ್ಲೇ ಯುವಾಲ್ ಕೋಟೆ. 8,000 ಮೀಟರ್ ಮೀರಿದ ಹದಿನಾಲ್ಕೂ ಶಿಖರಗಳನ್ನು ಮೊದಲು ಏರಿ ಮುಗಿಸಿದ ರೈನ್‌ಹೋಲ್ಡ್ ಮೆಸ್ನರ್ 1983ರಲ್ಲಿ ಇದನ್ನು ಕೊಂಡರು. ಅವರ ಪರ್ವತ ಮ್ಯೂಸಿಯಮ್ಮುಗಳಲ್ಲಿ ಒಂದು ಇಲ್ಲಿದೆ. ಕೋಟೆಯ ಕೆಳಗಿನ ಕಡಿದಾದ ಇಳಿಜಾರಿನಲ್ಲಿ ದ್ರಾಕ್ಷಿ ತೋಟವೂ ಇದೆ, ಹತ್ತಿರದಲ್ಲೇ ಹಳೆಯ ಕಾಲುವೆ ಹಾದಿಯೂ ಇದೆ. ಎವರೆಸ್ಟನ್ನು ಆಮ್ಲಜನಕದ ಸಿಲಿಂಡರ್ ಇಲ್ಲದೆ ಏರಿದವರ ಮನೆಗೆ ಹೋಗಲು ನೀರು ಇಳಿಯುವ ಸಣ್ಣ ಇಳಿಜಾರಿನ ದಾರಿ ಸಾಕು.

ಐದು ಯೂರೊ ಗೇಟು

ಎಲ್ಲವೂ ಚೆಂದವೇ ಎಂದರೆ ಅದು ಪ್ರವಾಸೋದ್ಯಮ ಇಲಾಖೆಯ ಕರಪತ್ರವಾದೀತು. ಐದು ಲಕ್ಷ ಚಿಲ್ಲರೆ ಜನರ ಪ್ರಾಂತ್ಯದಲ್ಲಿ ವರ್ಷಕ್ಕೆ ಪ್ರವಾಸಿಗರು ಕಳೆಯುವ ರಾತ್ರಿಗಳ ಲೆಕ್ಕ 3.6 ಕೋಟಿ ಮೀರಿದೆ. ಹೊಸ ಹೋಟೆಲ್ ಹಾಸಿಗೆಗಳಿಗೆ 2022ರಲ್ಲಿ ಮಿತಿ ಹಾಕಿದರು. ಪ್ರಾಗ್ಸ್ ಸರೋವರಕ್ಕೆ ಬೇಸಿಗೆಯಲ್ಲಿ ಮುಂಗಡ ಕಾಯ್ದಿರಿಸದೆ ಕಾರು ಒಯ್ಯುವಂತಿಲ್ಲ. 2025ರ ಜುಲೈನಲ್ಲಿ ಸೆಚೆಡಾ ಬೆಟ್ಟದ ಭೂಮಾಲೀಕರು, ಫೋಟೊ ತೆಗೆಸಿಕೊಳ್ಳಲು ಸಾಲುಗಟ್ಟುವ ಜಾಗಕ್ಕೆ ಹೋಗುವ ಹಾದಿಯಲ್ಲಿ ತಿರುಗುವ ಗೇಟು ನಿಲ್ಲಿಸಿ ಐದು ಯೂರೊ ವಸೂಲಿಗೆ ಇಳಿದರು. ಹುಲ್ಲು ತುಳಿದು ಹಾಳಾಗುತ್ತಿದೆ, ಕಸ ಎತ್ತುವವರು ನಾವು, ಲಾಭ ರೋಪ್‌ವೇಯವರಿಗೆ ಎಂಬುದು ಅವರ ವಾದ. ಬೆಟ್ಟ ಎಲ್ಲರದು ಎಂದು ಚಾರಣಿಗರ ಸಂಘಗಳು ಸಿಟ್ಟಾದವು. ನನಗೆ ಭೂಮಾಲೀಕರ ಮಾತು ಪೂರ್ತಿ ತಪ್ಪೆನಿಸುವುದಿಲ್ಲ. ಈ ಹುಲ್ಲುಗಾವಲು ತಾನಾಗಿ ಇರುವುದಲ್ಲ; ಯಾರೋ ವರ್ಷವರ್ಷ ಕೊಯ್ಯುವುದರಿಂದ ಅದು ಹುಲ್ಲುಗಾವಲು, ಬಿಟ್ಟರೆ ಕಾಡು.

ಕಣಿವೆಯ ತಳದ ಚೆಲುವಿನ ಒಳಗೂ ಹುಳುಕಿದೆ. ಯುರೋಪ್ ಒಕ್ಕೂಟದ ಸೇಬಿನಲ್ಲಿ ಹತ್ತನೇ ಒಂದರಷ್ಟು ಬೆಳೆಯುವ ಈ ಪ್ರಾಂತ್ಯದಲ್ಲಿ ಔಷಧಿ ಸಿಂಪಡಣೆ ದೊಡ್ಡ ವಿವಾದ. 2014ರಲ್ಲಿ ಫಿನ್ಶ್‌ಗೌನ ಮಾಲ್ಸ್ ಊರಿನವರು ಜನಮತ ನಡೆಸಿ, ಸುಮಾರು ಶೇ 75ರ ಬಹುಮತದಿಂದ ರಾಸಾಯನಿಕ ಕೀಟನಾಶಕ ಬೇಡವೆಂದರು. ಆ ನಿರ್ಧಾರ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ವಸಂತದಲ್ಲಿ ಹೂಬಿಟ್ಟ ತೋಟಗಳ ನಡುವೆ ಬೆಳಗಿನ ಜಾವ ನಡೆಯುವವರು ಸಿಂಪಡಣೆ ಟ್ರ್ಯಾಕ್ಟರ್ ಎದುರಾದರೆ ನಿಂತು ಕಾಯುವುದು ಒಳ್ಳೆಯದು. ಮೇಲೆ ಹಿಮದ ಪರಿಸ್ಥಿತಿಯೂ ಚೆನ್ನಾಗಿಲ್ಲ. ಪ್ರಾಂತ್ಯದ ಗಡಿಯಾಚೆಯ ಮಾರ್ಮೊಲಾಡಾ ಹಿಮನದಿಯ ಒಂದು ಭಾಗ 2022ರ ಜುಲೈ 3ರಂದು ಕುಸಿದು 11 ಜನ ಸತ್ತರು.

ಹಿಮ ಕರಗಿ ಮುಗಿದರೆ ಕಾಲುವೆಗೆ ನೀರೆಲ್ಲಿಂದ? ರೈತರು ಆ ಪ್ರಶ್ನೆಗೆ ಕಾಯದೆ ತುಂತುರು ನೀರಾವರಿಗೆ, ಅಲ್ಲಿಂದ ಹನಿ ನೀರಾವರಿಗೆ ಹೋಗಿಯಾಗಿದೆ. ಕೊಳವೆ ಬಂದ ಕಡೆ ಹಲವು ವಾಲ್‌ಗಳು ಒಣಗಿ ಮುಚ್ಚಿದವು. ಲೆಕ್ಕದಲ್ಲಿ ಇದು ಸರಿಯೇ, ಹನಿ ನೀರಾವರಿಗೆ ಬೇಕಾಗುವ ನೀರು ಎಷ್ಟೋ ಕಡಿಮೆ. ಆದರೆ ಮಣ್ಣಿನ ಕಾಲುವೆ ಸೋರುತ್ತಿತ್ತು, ಆ ಸೋರಿಕೆಯ ಮೇಲೆ ಏರಿಯ ಮರಗಳು, ಪೊದೆ, ಹಕ್ಕಿ, ಕಪ್ಪೆ ಬದುಕಿದ್ದವು. ನೀರು ಕೊಳವೆಯೊಳಗೆ ಹೋದ ಮೇಲೆ ಆ ಹಸಿರು ಪಟ್ಟಿಯೂ ಬಾಡಿತು. ಉಳಿದ ಕಾಲುವೆಗಳಲ್ಲಿ ಕೆಲವಕ್ಕೆ ಜೀವ ಹಿಡಿದಿರುವುದು ತೋಟದ ಅಗತ್ಯಕ್ಕಿಂತ ನಡೆಯಲು ಬರುವವರ ಕಾಲಿನಿಂದ. ಊರಿನ ಪ್ರವಾಸೋದ್ಯಮ ಸಂಘಗಳೂ ನಿರ್ವಹಣೆಗೆ ಕೈಜೋಡಿಸುತ್ತವೆ. ನೀರಿಗಾಗಿ ಹುಟ್ಟಿದ ದಾರಿಗೋಸ್ಕರ ಈಗ ನೀರು ಬಿಡುವ ಕಾಲ. 2023ರಲ್ಲಿ ಯುನೆಸ್ಕೊ ಇಟಲಿಯೂ ಸೇರಿದಂತೆ ಯುರೋಪಿನ ಏಳು ದೇಶಗಳ ಸಾಂಪ್ರದಾಯಿಕ ನೀರಾವರಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದೇ ಗಾಬರಿ ಹುಟ್ಟಿಸುತ್ತದೆ. ಚೆನ್ನಾಗಿ ನಡೆಯುತ್ತಿರುವ ಕೆಲಸವನ್ನು ಯಾರೂ ಪರಂಪರೆ ಎನ್ನುವುದಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಮ್ಯೂನಿಕ್‌ನಿಂದ ಬ್ರೆನ್ನರ್ ಮಾರ್ಗವಾಗಿ ಬೋಲ್ಸಾನೊಗೆ ನೇರ ರೈಲಿದೆ, ಸುಮಾರು ನಾಲ್ಕು ಗಂಟೆ. ಜರ್ಮನಿಯಲ್ಲಿರುವ ಕನ್ನಡಿಗರಿಗೆ ವಾರಾಂತ್ಯದ ದೂರ. ಕಾರು ಬೇಡ. 1990ರಲ್ಲಿ ನಿಂತುಹೋಗಿ 2005ರಲ್ಲಿ ಮತ್ತೆ ಓಡತೊಡಗಿದ ಫಿನ್ಶ್‌ಗೌ ರೈಲು ಮೆರಾನ್‌ನಿಂದ ಮಾಲ್ಸ್‌ವರೆಗೆ ಕಣಿವೆಯುದ್ದಕ್ಕೂ ನಿಲ್ಲುತ್ತದೆ. ಒಂದು ನಿಲ್ದಾಣದಲ್ಲಿ ಇಳಿದು, ಕಾಲುವೆ ಹಿಡಿದು ನಡೆದು, ಇನ್ನೊಂದು ನಿಲ್ದಾಣದಲ್ಲಿ ಹತ್ತಬಹುದು. ಎತ್ತರದ ತಂಗುಮನೆಗಳು ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ತೆರೆದಿರುತ್ತವೆ, ಹಾಸಿಗೆ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಸಿಡಿಲು ಮಳೆ ಸಾಮಾನ್ಯ, ಬೆಳಿಗ್ಗೆ ಬೇಗ ಹೊರಟು ಎರಡು ಗಂಟೆಯೊಳಗೆ ಇಳಿದುಬಿಡುವುದು ಕ್ಷೇಮ. ವೈನ್ ಇಳಿದ ಮೇಲೆ. ಕಾಲುವೆಗಳಲ್ಲಿ ನೀರು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬಂದು ಅಕ್ಟೋಬರಿನಲ್ಲಿ ನಿಲ್ಲುತ್ತದೆ, ಹೊಸ ವೈನ್ ಹೊರಬರುವುದು ಅಕ್ಟೋಬರಿನಲ್ಲಿ. ಎರಡನ್ನೂ ನೋಡುವ ಆಸೆಯಿದ್ದವರು ಆ ತಿಂಗಳ ಮೊದಲ ದಿನಗಳಿಗೆ ಟಿಕೆಟ್ ಮಾಡಿಸಿ, ಯಾವ ಕಾಲುವೆಯಲ್ಲಿ ಇನ್ನೂ ನೀರಿದೆ ಎಂದು ಊರಿನ ಪ್ರವಾಸಿ ಕಚೇರಿಯಲ್ಲಿ ಕೇಳಿಕೊಂಡು ಹೊರಡಬೇಕು.